ಬಿದ್ದ ಮೇಲೆ ಹೊಡೆದ ಏಟು

ನಮ್ಮೂರು ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲೂಕಿನಲ್ಲಿದೆ. ಸಿಡ್ನಿಗೆ ಬಂದು ಎಷ್ಟೋ ವರ್ಷಗಳಾದರೂ ಊರಿನ ಒಂದು ಕೇಸು ನನ್ನ ತಲೆಯಿಂದ ಹೋಗಿಲ್ಲ.

ತೊಗರಿ ರಾಶಿಯ ದಿನಗಳು. ಬದುವಿನ ಜಗಳ. ಪಕ್ಕದ ಹೊಲದವನು ಕೊಡಲಿ ಎತ್ತಿಕೊಂಡು ಬಂದ. ದೂರದ ಸಂಬಂಧದಲ್ಲಿ ನನಗೆ ಕಾಕಾ ಆಗಬೇಕಾದವರು ಕೈಗೆ ಸಿಕ್ಕ ಬಡಿಗೆಯಿಂದ ಹೊಡೆದರು. ಅವನು ಬಿದ್ದ, ಕೊಡಲಿಯೂ ಕೈಬಿಟ್ಟಿತು. ಕಾಕಾ ಮತ್ತೆರಡು ಏಟು ಹಾಕಿದರು. ಅವನು ಉಳಿಯಲಿಲ್ಲ. "ಅಂವ ಮತ್ತ ಏಳ್ತಾನಂತ ಅಂಜಿಕಿ ಆಗಿತ್ತೋ ತಮ್ಮಾ" ಅಂತ ಆಮೇಲೆ ನನ್ನ ಹತ್ತಿರ ಅತ್ತರು.

ಮೊದಲ ಏಟು ತಪ್ಪಲ್ಲ. ಕಾನೂನು ನೋಡುವುದು ಆಮೇಲಿನ ಎರಡನ್ನು. ಜೀವ ಉಳಿಸಿಕೊಳ್ಳುವ ಹಕ್ಕನ್ನು ಪ್ರಾಮಾಣಿಕವಾಗಿ ಬಳಸುವಾಗ ಮಿತಿ ಮೀರಿದರೆ ಅದು ಕೊಲೆಯಲ್ಲ, ಕೊಲೆಗಿಂತ ಕಡಿಮೆ ಶಿಕ್ಷೆಯ 'ಕೊಲೆಯಲ್ಲದ ನರಹತ್ಯೆ'. ಕಾಕಾಗೆ ನಾಲ್ಕು ವರ್ಷ ಶಿಕ್ಷೆ ಆಯ್ತು. ಆಗ ಇದ್ದದ್ದು ಹಳೆಯ ದಂಡ ಸಂಹಿತೆಯ 304ನೇ ಸೆಕ್ಷನ್. ಅದರಲ್ಲಿ ಇಷ್ಟು ವರ್ಷ ಕೊಡಲೇಬೇಕು ಅನ್ನುವ ಕಟ್ಟು ಇರಲಿಲ್ಲ.

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 105ನೇ ಸೆಕ್ಷನ್ ಪ್ರಕಾರ, ಸಾಯಿಸುವ ಉದ್ದೇಶ ಇತ್ತು ಅಂತ ಕಂಡರೆ ಕಡಿಮೆ ಅಂದರೂ 5 ವರ್ಷ ಜೈಲು. ಜಾಸ್ತಿ ಅಂದರೆ 10 ವರ್ಷ, ಇಲ್ಲವೇ ಜೀವಾವಧಿ. ಇದೇ ನನಗೆ ನೋವು. ಅಂಜಿದವನ ಏಟಿನಲ್ಲೂ ಆ ಕ್ಷಣಕ್ಕೆ ಸಾಯಿಸುವ ಉದ್ದೇಶ ಇರಬಹುದು ಅಲ್ವಾ? ಎದುರಿಗೆ ಕೊಡಲಿ ಬಂದಿತ್ತು ಅನ್ನುವುದನ್ನು ಜಡ್ಜ್ ಪೂರ್ತಿ ತೂಗುವುದು ಹೇಗೆ?

ಇಲ್ಲಿ, ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ, ಇಂಥ ಸಾವಿಗೆ ಗರಿಷ್ಠ 25 ವರ್ಷ. ಆದರೆ ಕೆಳಗಿನ ಗೆರೆ ಹಾಕಿಲ್ಲ. ಬೆದರಿಕೆ ಎಷ್ಟಿತ್ತು, ಕೈಯಲ್ಲಿ ಏನಿತ್ತು, ಮಿತಿ ಎಷ್ಟು ಮೀರಿತು, ಪಶ್ಚಾತ್ತಾಪ ಇದೆಯಾ, ಎಲ್ಲ ನೋಡಿ ಜಡ್ಜ್ ಕಾರಣ ಹೇಳಿಯೇ ಶಿಕ್ಷೆ ಕೊಡುತ್ತಾರೆ.

ಕೆಳಗಿನ ಗೆರೆ ಇಲ್ಲದಿದ್ದರೆ ದುಡ್ಡಿದ್ದವರು ಸುಮ್ನೆ ಪಾರಾಗುತ್ತಾರೆ ಅಂತ ಊರಿನ ಗೆಳೆಯರು ಹೇಳುತ್ತಾರೆ. ಆ ಭಯ ಸುಳ್ಳಲ್ಲ. ಅದಕ್ಕೆ ಮದ್ದು ಮೇಲ್ಮನವಿ. 2008ರಲ್ಲಿ ಶುರುವಾದ ಹೈಕೋರ್ಟ್‌ನ ಸಂಚಾರಿ ಪೀಠ 2013ರಲ್ಲಿ ಕಲಬುರಗಿಯಲ್ಲಿ ಕಾಯಂ ಆಯಿತು. ಈಗ ಬೆಂಗಳೂರಿಗೆ ಅಲೆಯಬೇಕಿಲ್ಲ. ಶಿಕ್ಷೆ ಕಡಿಮೆ ಆಯ್ತು ಅನಿಸಿದರೆ ಸರ್ಕಾರ ಅಲ್ಲಿ ಕೇಳಬಹುದು.

ಇಲ್ಲಿಂದ ಇನ್ನೊಂದನ್ನು ನಾವು ಕಲಿಯಲೇಬೇಕು. ಶಿಕ್ಷೆ ನಿರ್ಧಾರ ಆಗುವ ಮುಂಚೆ ಸತ್ತವರ ಮನೆಯವರು ತಮ್ಮ ನೋವನ್ನು ಕೋರ್ಟಿನಲ್ಲಿ ಓದಿ ಹೇಳಬಹುದು. ಊರಿನ ಕೇಸಿನಲ್ಲಿ ಸತ್ತವನ ಹೆಂಡತಿ ಸಾಕ್ಷಿ ಕಟಕಟೆ ಹತ್ತಿದ್ದರು. ಇಬ್ಬರು ಸಣ್ಣ ಮಕ್ಕಳನ್ನು ಹೊರಗೆ ಕೂರಿಸಿ ಬಂದಿದ್ದರು. ಅವರನ್ನು ಕೇಳಿದ್ದು ಒಂದೇ: ಆ ಕೊಡಲಿ ನಿಮ್ಮ ಮನೆಯದೇನಮ್ಮಾ?