‘ಈಸ್’ ಏನೂ ಮಾಡುವುದಿಲ್ಲವಲ್ಲ, ಅಪ್ಪಚ್ಚಿ?

ನಿನ್ನೆ ಸಂಜೆಯಿಂದ ಮನಸ್ಸು ಕುದಿಯುತ್ತಿದೆ. ಬದಿಯಡ್ಕದ ಮನೆಗೆ ಹೋಗಿದ್ದಾಗ ಅಣ್ಣನ ಮಗಳು, ಆರನೆಯ ತರಗತಿಯವಳು, ಇಂಗ್ಲಿಷ್ ಉತ್ತರಪತ್ರಿಕೆ ತಂದು ತೋರಿಸಿದಳು. ‘ಶಿ ಈಸ್ ಎ ಟೀಚರ್’ ಎಂಬ ವಾಕ್ಯದಲ್ಲಿ ಕ್ರಿಯಾಪದಕ್ಕೆ ಅಡಿಗೆರೆ ಎಳೆಯಬೇಕಿತ್ತು. ಅವಳು ‘ಟೀಚರ್’ ಕೆಳಗೆ ಎಳೆದಿದ್ದಳು. ಅದರ ಮೇಲೆ ಕಾಗದ ಹರಿಯುವಷ್ಟು ಒತ್ತಿ ಹೊಡೆದ ಕೆಂಪು ಗೀಟು.

ಯಾಕೆ ಹಾಗೆ ಬರೆದೆ ಎಂದು ಕೇಳಿದೆ. “ವರ್ಬ್ ಎಂದರೆ ಕೆಲಸವನ್ನು ಹೇಳುವ ಪದ ಎಂದು ಬರೆಸಿದ್ದಾರೆ. ಪಾಠ ಮಾಡುವುದು ಟೀಚರ್. ‘ಈಸ್’ ಏನೂ ಮಾಡುವುದಿಲ್ಲವಲ್ಲ, ಅಪ್ಪಚ್ಚಿ?”

ಬರೆಸಿದ ವ್ಯಾಖ್ಯೆಯನ್ನು ನಂಬಿ ಯೋಚಿಸಿದ ಮಗುವಿಗೆ ಸೊನ್ನೆ!

ಚಿಕ್ಕ ಮಕ್ಕಳಿಗೆ ಆ ಸರಳ ವ್ಯಾಖ್ಯೆ ಸಾಕು ಎನ್ನುವವರಿದ್ದಾರೆ. ಎಲ್ಲಿಯ ಸರಳ? ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವ ಕ್ರಿಯಾಪದವೇ ‘ಬಿ’. ಅದರ ರೂಪಗಳಾದ ಆಮ್, ಈಸ್, ಆರ್, ವಾಸ್ ಯಾವುದೂ ಕೆಲಸ ಹೇಳುವುದಿಲ್ಲ. ಆದರೆ ‘ಜರ್ನಿ’ (ಪ್ರಯಾಣ) ನಾಮಪದವಾಗಿದ್ದೂ ಕೆಲಸವನ್ನು ಹೇಳುತ್ತದೆ. ಕನ್ನಡದಲ್ಲಿ ‘ಬಂದಳು’ ಎಂದರೆ ಯಾರು, ಯಾವಾಗ ಎಂಬುದೆಲ್ಲ ಪದದ ಬಾಲದಲ್ಲೇ ಇದೆ. ಇಂಗ್ಲಿಷಿನ ‘ವಾಟರ್’ ಅನ್ನು ಒಂಟಿಯಾಗಿ ನೋಡಿದರೆ ಏನೂ ತಿಳಿಯದು. ‘ಡ್ರಿಂಕ್ ವಾಟರ್’ ಎಂದಾಗ ನಾಮಪದ, ‘ವಾಟರ್ ದ ಪ್ಲಾಂಟ್ಸ್’ ಎಂದಾಗ ಕ್ರಿಯಾಪದ. ಪದ ಕುಳಿತ ಜಾಗವನ್ನು ನೋಡಲು ಕಲಿಸಬೇಕು. ಅದನ್ನು ಬಿಟ್ಟು ನಾಮಪದ, ಕ್ರಿಯಾಪದ ಮುಂತಾದ ಎಂಟು ಪದವರ್ಗಗಳ ವ್ಯಾಖ್ಯೆಗಳನ್ನು ಉರು ಹೊಡೆಸುತ್ತೇವೆ.

ನಮ್ಮ ಕಾಸರಗೋಡಿನ ಮಕ್ಕಳ ವಿಷಯದಲ್ಲಂತೂ ಇದು ಅನ್ಯಾಯ. ‘ಅವಳು ಟೀಚರ್’ ಎಂದರೆ ಕನ್ನಡದಲ್ಲಿ ವಾಕ್ಯ ಮುಗಿಯಿತು, ಕ್ರಿಯಾಪದ ಬೇಕಿಲ್ಲ. ತುಳುವಿನಲ್ಲೂ ‘ಆಳ್ ಟೀಚರ್’, ಅಷ್ಟೇ. ಆದರೆ ಮಲಯಾಳದಲ್ಲಿ ‘ಅವಳ್ ಟೀಚರ್ ಆಣ್’. ಆ ‘ಆಣ್’ ಇಲ್ಲಿ ‘ಈಸ್’ ಮಾಡುವ ಕೆಲಸವನ್ನೇ ಮಾಡುತ್ತದೆ. ಬಸ್ಸಿನಲ್ಲಿ, ಅಂಗಡಿಯಲ್ಲಿ ಮಗು ದಿನವೂ ಕೇಳುವ ಮಾತು ಅದು. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಕನ್ನಡಕ್ಕಾಗಿ ನಾವು ನಡೆಸುತ್ತ ಬಂದ ಹೋರಾಟದ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಮಗುವಿನ ಕಿವಿಯಲ್ಲಿ ಆಗಲೇ ಇರುವ ಭಾಷೆಯನ್ನು ಕನ್ನಡ ಮಾಧ್ಯಮದ ತರಗತಿಯಲ್ಲಿ ಒಂದು ನಿಮಿಷ ನೆನಪಿಸಿದರೆ ಕನ್ನಡಕ್ಕೆ ಏನು ನಷ್ಟ?

ಇದನ್ನು ಬರೆಯುವಾಗ ಕೈ ನಡುಗುತ್ತದೆ. ನಾನೂ ವರ್ಷಾನುಗಟ್ಟಲೆ ಅದೇ ವ್ಯಾಖ್ಯೆಯನ್ನು ಬರೆಸಿದವನು. ‘ಈಸ್’ ಎಂದರೆ ಕನ್ನಡದಲ್ಲಿ ಏನು ಮಾಷ್ಟ್ರೇ ಎಂದು ಕೇಳಿದ ಹುಡುಗನೊಬ್ಬನನ್ನು, ಸುಮ್ಮನೆ ಬಾಯಿಪಾಠ ಮಾಡು ಎಂದು ಗದರಿಸಿ ಕೂರಿಸಿದ್ದೆ. ಮತ್ತೆಂದೂ ಅವನು ತರಗತಿಯಲ್ಲಿ ಬಾಯಿ ತೆರೆಯಲಿಲ್ಲ. ನಿನ್ನೆ ರಾತ್ರಿ ಅವನ ಮುಖ ಕಣ್ಣ ಮುಂದೆ ಬಂತು.

ಮಗಳಿಗೆ ಪೆನ್ಸಿಲ್ ಕೊಟ್ಟು, ಅದೇ ವಾಕ್ಯವನ್ನು ನಿನ್ನೆಯ ಮಾತಾಗಿಸು ಎಂದೆ. ‘ಶಿ ವಾಸ್ ಎ ಟೀಚರ್’ ಎಂದು ಬರೆದಳು. ಬದಲಾದ ಪದ ಯಾವುದು ಎಂದು ಕೇಳುವ ಮೊದಲೇ ‘ವಾಸ್’ ಕೆಳಗೆ ಗೆರೆ ಎಳೆದಿದ್ದಳು. ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚಿಕೊಂಡು ಕುಳಿತು, “ಅಪ್ಪಚ್ಚಿ, ‘ಆಣ್’ ಕೂಡ ನಿನ್ನೆಗೆ ‘ಆಯಿರುನ್ನು’ ಆಗುತ್ತದೆ!” ಎಂದಳು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.