ಸಾಸಿವೆ ಘಾಟಿನ ಮೆಸೇಜ್ ಬಗ್ಗೆ ಸ್ಪಷ್ಟನೆ

‘ಅರೆದಾಗ ಮೂಗಿಗೆ ಹೊಡೆಯುವ ಸಾಸಿವೆಗೆ ಕೆಮಿಕಲ್ ಹಾಕಿರುತ್ತಾರೆ’ ಅನ್ನುವ ಮೆಸೇಜ್ ಶಿರಸಿ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತಿದೆ. ಅದು ತಪ್ಪು. ಘಾಟು ಸಾಸಿವೆಯದ್ದೇ. ಇಡೀ ಕಾಳು ಮೂಸಿದರೆ ಏನೂ ಬರಲ್ಲ ಅಲ್ವಾ? ಕಾಳು ಒಡೆದು ನೀರು ತಾಗಿದಾಗ, ಅದರೊಳಗೆ ಬೇರೆ ಬೇರೆಯಾಗಿದ್ದ ಸಿನಿಗ್ರಿನ್ ಅನ್ನುವ ಅಂಶ ಮತ್ತು ಮೈರೋಸಿನೇಸ್ ಕಿಣ್ವ ಒಂದಕ್ಕೊಂದು ಸೇರಿ ಅಲೈಲ್ ಐಸೋಥಯೋಸಯನೇಟ್ ಅನ್ನುವ ಘಾಟಿನ ವಸ್ತು ಹುಟ್ಟುತ್ತದೆ, ಹಸಿ ಸಾಸಿವೆ ಅರೆದು ಹಾಕುವ ನಮ್ಮ ಮಾವಿನಹಣ್ಣಿನ ಸಾಸಿವೆ ಅನ್ನುವ ಪದಾರ್ಥ ಉಂಡಾಗ ನೆತ್ತಿಗೇರುವುದು ಅದೇ. ಒಗ್ಗರಣೆಯ ಬಿಸಿಗೆ ಕಿಣ್ವ ಕೆಡುತ್ತದೆ, ಹಾಗಾಗಿ ಅಲ್ಲಿ ಆ ಘಾಟಿಲ್ಲ.

ಕಲಬೆರಕೆ ಭಯವಿದ್ದರೆ ಕಾಳು ಹಿಸುಕಿ ನೋಡಿ. ಸಾಸಿವೆ ನುಣುಪು, ಒಳಗೆ ಹಳದಿ. ಸಾಸಿವೆಗೆ ಬೆರೆಸುವ, ಆರ್ಜಿಮೋನ್ ಅನ್ನುವ ಮುಳ್ಳಿನ ಕಳೆಗಿಡದ ವಿಷದ ಬೀಜ ಒರಟು, ಒಳಗೆ ಬಿಳಿ. ಆ ಮೆಸೇಜನ್ನು ಸುಮ್ನೆ ಫಾರ್ವರ್ಡ್ ಮಾಡಬೇಡಿ.