ತಲೆಸುತ್ತಿಗೆ ಮಾತ್ರೆ ಕೇಳುವ ಮೊದಲು ಗಡಿಯಾರ ನೋಡಿ

ಕಿವಿಯಲ್ಲಿ ಗುಂಯ್ ಅನ್ನುವ ಸದ್ದು, ಜೊತೆಗೆ ತಲೆಸುತ್ತು. ಎರಡೂ ಒಟ್ಟಿಗೆ ಬಂದಾಗ ನಾವು ಡಾಕ್ಟರ ಮುಂದೆ ಕೂತು ಹೇಳುವುದು ಒಂದೇ ಮಾತು: "ತುಂಬಾ ತಲೆ ಸುತ್ತುತ್ತೆ ಡಾಕ್ಟ್ರೇ." ಅವರು ಬಿಪಿ ನೋಡಿ ಒಂದು ಮಾತ್ರೆ ಬರೆಯುತ್ತಾರೆ. ಕಿವಿಯದು ಬೇರೆ ತೊಂದರೆ ಅಂದುಕೊಂಡು ನಾವು ಆ ವಿಷಯ ಎತ್ತುವುದೇ ಇಲ್ಲ. ಮಾತ್ರೆ ಮಾತ್ರ ತಿಂಗಳುಗಟ್ಟಲೆ ನಡೆಯುತ್ತಲೇ ಇರುತ್ತದೆ. ನನಗೆ ಸಿಟ್ಟು ಇರುವುದು ಇದರ ಮೇಲೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ತಲೆಸುತ್ತು ಹೇಗಿತ್ತು ಅಂತ ವಿವರಿಸುವುದು ಕಷ್ಟ. ಗಿರಗಿರ ಅಂತು, ತೇಲಿದ ಹಾಗಾಯಿತು, ಕಣ್ಣು ಕತ್ತಲೆ ಬಂತು. ಒಬ್ಬರೇ ಒಂದೊಂದು ಸಲ ಒಂದೊಂದು ಹೇಳುತ್ತಾರೆ. ಆದರೆ ಎಷ್ಟು ಹೊತ್ತು ಇತ್ತು, ಏನು ಮಾಡುವಾಗ ಬಂತು, ಆಗ ಕಿವಿ ಮಂದವಾಯಿತಾ, ಇವಕ್ಕೆ ಉತ್ತರ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. ಡಾಕ್ಟರಿಗೆ ದಾರಿ ತೋರಿಸುವುದೂ ಇವೇ.

ಒಳಕಿವಿಯಲ್ಲಿ ಶಬ್ದ ಗ್ರಹಿಸುವ ಭಾಗ, ಸಮತೋಲನ ನೋಡಿಕೊಳ್ಳುವ ಭಾಗ ಎರಡೂ ಅಕ್ಕಪಕ್ಕದಲ್ಲಿವೆ. ಎರಡರಲ್ಲೂ ಇರುವುದು ಒಂದೇ ದ್ರವ. ಒಂದಕ್ಕೆ ತೊಂದರೆಯಾದರೆ ಇನ್ನೊಂದಕ್ಕೂ ತಟ್ಟುವುದು ಸಹಜ. ಇಂದು ಇದು ಪಾಠದ ಪುಸ್ತಕದ ಮಾತು. ಆದರೆ ಒಂದು ಕಾಲದಲ್ಲಿ ಇಂಥ ತಲೆಸುತ್ತಿಗೆಲ್ಲ ಮೆದುಳಿಗೆ ರಕ್ತ ಏರಿರುವುದೇ ಕಾರಣ ಎಂದು ತಿಳಿದು ರೋಗಿಯ ರಕ್ತ ತೆಗೆಯುತ್ತಿದ್ದರು. ಪ್ರಾಸ್ಪರ್ ಮೆನಿಯೇರ್ ಎಂಬ ಫ್ರೆಂಚ್ ವೈದ್ಯರು 1861ರಲ್ಲಿ ಪ್ಯಾರಿಸ್ಸಿನ ವೈದ್ಯಕೀಯ ಅಕಾಡೆಮಿಯ ಮುಂದೆ, ಇದು ಮೆದುಳಿನದ್ದಲ್ಲ, ಒಳಕಿವಿಯದ್ದು ಎಂದು ವಾದಿಸಿದರು. ಅವರು ಕೆಲಸ ಮಾಡುತ್ತಿದ್ದದ್ದು ಕಿವುಡರ ಸಂಸ್ಥೆಯಲ್ಲಿ. ಹಾಗಾಗಿ ರೋಗಿ ಸುತ್ತಿನ ಬಗ್ಗೆ ಹೇಳುವಾಗ ಅವರ ಗಮನ ಕಿವಿಯ ಕಡೆಗೂ ಹೋಯಿತು. ಮರುವರ್ಷವೇ ತೀರಿಕೊಂಡರು. ಕಾಯಿಲೆಗೆ ಅವರ ಹೆಸರೇ ಉಳಿಯಿತು.

ನಮ್ಮ ಅಕ್ಕನಿಗಿರುವುದು ಇದೇ ಮೆನಿಯರ್ಸ್. ಹತ್ತಿರದಿಂದ ನೋಡಿದ್ದೇನೆ. ಮೊದಲು ಎಡಗಿವಿಯಲ್ಲಿ ಹತ್ತಿ ತುರುಕಿದಂತೆ ಬಿಗಿತ. ಆಮೇಲೆ ದಪ್ಪ ದನಿಯ ಮೊರೆತ. ಫೋನನ್ನು ಬಲಗಿವಿಗೆ ಬದಲಾಯಿಸಿದಳು ಅಂದರೆ ಸುತ್ತು ಬರುತ್ತಿದೆ ಅಂತಲೇ ಲೆಕ್ಕ. ಸ್ವಲ್ಪ ಹೊತ್ತಿಗೆ ಗೋಡೆ ಓಡತೊಡಗುತ್ತದೆ. ಅವಳ ಕಣ್ಣುಗುಡ್ಡೆ ಒಂದು ಪಕ್ಕಕ್ಕೆ ಮೆಲ್ಲಗೆ ಜಾರಿ, ಚಕ್ಕನೆ ಮತ್ತೆ ವಾಪಸ್ಸು ಬರುತ್ತಿರುತ್ತದೆ. ವಾಂತಿ, ಬೆವರು, ಆಮೇಲೆ ಸತ್ತ ಹಾಗೆ ನಿದ್ದೆ. ಇಪ್ಪತ್ತು ನಿಮಿಷದಿಂದ ಹನ್ನೆರಡು ಗಂಟೆವರೆಗೆ ಇರುವ ಸುತ್ತು, ಒಮ್ಮೆ ಮಂದವಾಗಿ ಒಮ್ಮೆ ಸರಿಹೋಗುವ ಕಿವಿ, ಇವೆರಡೂ ಜೊತೆಗಿದ್ದರೆ ಮೆನಿಯರ್ಸ್ ಅನುಮಾನ ಬರಬೇಕು. ಅವಳ ಶ್ರವಣ ಪರೀಕ್ಷೆಯ ಗ್ರಾಫ್‌ನಲ್ಲಿ ಎಡತುದಿ, ಅಂದರೆ ದಪ್ಪ ದನಿಗಳ ಕಡೆ, ಗೆರೆ ಕುಸಿದಿತ್ತು. ವಯಸ್ಸಿಗೆ ಬರುವ ಕಿವುಡು ಸಾಮಾನ್ಯವಾಗಿ ಬಲತುದಿಯಲ್ಲಿ, ಕೀರಲು ದನಿಗಳಲ್ಲಿ ಶುರುವಾಗುತ್ತದೆ. ಆ ಹಾಳೆ ನೋಡುವವರೆಗೆ ಅವಳದು ಬರೀ "ವೀಕ್‌ನೆಸ್" ಆಗಿತ್ತು!

ಇನ್ನೊಂದು ತರಹ ಇದೆ, ಇದು ತೀರಾ ಸಾಮಾನ್ಯ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ, ಮೇಲಿನ ಶೆಲ್ಫಿನಿಂದ ಏನೋ ತೆಗೆಯಲು ತಲೆ ಎತ್ತಿದಾಗ ಜೋರು ಸುತ್ತು, ಒಂದು ನಿಮಿಷದೊಳಗೆ ಮಾಯ. ಬಿಪಿಪಿವಿ ಅಂತಾರೆ. ಒಳಕಿವಿಯ ಸಣ್ಣ ಕ್ಯಾಲ್ಸಿಯಂ ಹರಳುಗಳು ಜಾಗ ತಪ್ಪಿ ಪಕ್ಕದ ನಾಳಕ್ಕೆ ಜಾರಿರುತ್ತವೆ. ಇದರಿಂದ ಕಿವಿ ಮೊರೆಯುವುದಿಲ್ಲ. ಹಳೇ ಮೊರೆತ ಇದ್ದವರಿಗೆ ಬಿಪಿಪಿವಿ ಹೊಸದಾಗಿ ಸೇರಿಕೊಂಡರೆ ಎರಡೂ ಒಂದೇ ಕಾಯಿಲೆ ಅನ್ನಿಸಿಬಿಡುತ್ತದೆ. ಹರಳನ್ನು ವಾಪಸ್ಸು ಕಳಿಸಲು ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸುವ ಎಪ್ಲಿ ವಿಧಾನ ಇದೆ. ಗೊತ್ತಿದ್ದವರು ಮಾಡಿದರೆ ಕೆಲವೇ ನಿಮಿಷದ ಕೆಲಸ. ಯಾವ ಮಾತ್ರೆಯೂ ಹರಳನ್ನು ಎತ್ತಿ ಇಡುವುದಿಲ್ಲ.

ದಿನಗಟ್ಟಲೆ ಬಿಡದ ಸುತ್ತು ಸಮತೋಲನದ ನರದ ಊತ ಇರಬಹುದು. ಮೈಗ್ರೇನ್ ಇರುವವರಿಗೆ ತಲೆನೋವಿಲ್ಲದೆಯೂ ಸುತ್ತು ಬರುವುದುಂಟು.

ಕಾಯಬಾರದ ಸಂದರ್ಭಗಳೂ ಇವೆ. ಸುತ್ತಿನ ಜೊತೆ ಮಾತು ತೊದಲಿದರೆ, ಮುಖ ಸೊಟ್ಟಗಾದರೆ, ಒಂದೇ ವಸ್ತು ಎರಡಾಗಿ ಕಂಡರೆ, ಕೈಕಾಲು ಸೋತರೆ, ಹಿಡಿದುಕೊಳ್ಳದೆ ನಿಲ್ಲಲಾಗದಿದ್ದರೆ ಅದು ಪಾರ್ಶ್ವವಾಯು ಇರಬಹುದು, ತಕ್ಷಣ ಆಸ್ಪತ್ರೆ. ಬೆಳಗ್ಗೆ ಎದ್ದಾಗ ಒಂದು ಕಿವಿ ಕೇಳಿಸದೇ ಹೋದರೆ ಅದನ್ನೂ ಗುಗ್ಗೆ, ನೆಗಡಿ ಅಂತ ಬಿಡಬೇಡಿ. ಅದಕ್ಕೆ ಕೊಡುವ ಸ್ಟೀರಾಯ್ಡ್ ಎರಡು ವಾರದೊಳಗೆ ಶುರುವಾಗಬೇಕು, ಅದೂ ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಒಂದೇ ಕಿವಿಯಲ್ಲಿ ಮೊರೆತ, ಆ ಕಿವಿಯೇ ಮಂದ ಎಂದಾದರೆ ಎಂಆರ್‌ಐ ಬೇಕಾಗಬಹುದು. ನಾಡಿ ಬಡಿದ ಹಾಗೆ ತಾಳಕ್ಕೆ ಸರಿಯಾಗಿ ಸದ್ದು ಕೇಳಿದರೆ ರಕ್ತನಾಳ ಪರೀಕ್ಷಿಸಬೇಕು.

ಈಗ ಮಾತ್ರೆಯ ವಿಷಯಕ್ಕೆ. ಪ್ರೊಕ್ಲೋರ್‌ಪೆರಜಿನ್, ಸಿನ್ನರಿಜಿನ್ ತರಹದವು ಸುತ್ತು ಜೋರಾಗಿದ್ದಾಗ ವಾಂತಿ, ಒದ್ದಾಟ ತಗ್ಗಿಸುತ್ತವೆ, ಆಗ ಬೇಕೇ ಬೇಕು. ಆದರೆ ಕೆಟ್ಟ ಕಿವಿಗೆ ಮೆದುಳು ಹೊಂದಿಕೊಳ್ಳುವುದನ್ನೂ ಇವು ನಿಧಾನ ಮಾಡುತ್ತವೆ. ವಯಸ್ಸಾದವರಿಗೆ ಬಹಳ ಕಾಲ ಕೊಟ್ಟರೆ ಪಾರ್ಕಿನ್ಸನ್ ತರಹದ ನಡುಕ, ಬಿಗಿತ ಬರಬಹುದು. ಬೀಟಾಹಿಸ್ಟಿನ್ ಅಂತ ಸುತ್ತಿನ ಇನ್ನೊಂದು ಮಾತ್ರೆ ಇದೆ, ಅದು ಇವುಗಳಷ್ಟು ಕಾಟ ಕೊಡುವುದಿಲ್ಲ. ಆದರೆ 2016ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದರಲ್ಲಿ 221 ಮೆನಿಯರ್ಸ್ ರೋಗಿಗಳಲ್ಲಿ ಕೆಲವರಿಗೆ ಇದನ್ನು, ಉಳಿದವರಿಗೆ ಔಷಧಿಯಿಲ್ಲದ ಹುಸಿ ಮಾತ್ರೆಯನ್ನು ಒಂಬತ್ತು ತಿಂಗಳು ಕೊಟ್ಟು ನೋಡಿದಾಗ, ಹುಸಿ ಮಾತ್ರೆ ತಿಂದವರಿಗೂ ಅಷ್ಟೇ ಗುಣ ಕಂಡಿತು. ಸ್ವಂತ ಬುದ್ಧಿಯಿಂದ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. "ಇದನ್ನು ಎಲ್ಲಿವರೆಗೆ ತಗೋಬೇಕು?" ಅಂತ ಕೇಳುವುದಕ್ಕೆ ಸಂಕೋಚ ಬೇಡ ಅಂತಷ್ಟೇ.

ಸುತ್ತು ಇಳಿದ ಮೇಲೆ ತುಂಬ ದಿನ ಮಲಗಿಯೇ ಇರಬೇಡಿ. ನಡೆಯಿರಿ. ಒಂದು ಅಕ್ಷರದ ಮೇಲೆ ಕಣ್ಣು ನೆಟ್ಟು ತಲೆ ಮಾತ್ರ ಅತ್ತಿತ್ತ ಆಡಿಸುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಕಲಿಯಬಹುದು. ಮೆನಿಯರ್ಸ್ ಇದ್ದರೆ ಉಪ್ಪು ಕಮ್ಮಿ ಮಾಡಿ ಅನ್ನುತ್ತಾರೆ. ಅದಕ್ಕೆ ಪುರಾವೆ ಗಟ್ಟಿಯಾಗಿಲ್ಲ, ಆದರೂ ಮಾಡಿ ನೋಡುವುದರಲ್ಲಿ ನಷ್ಟ ಏನೂ ಇಲ್ಲ ಅಲ್ವಾ?

ಮೊರೆತಕ್ಕೆ ನಿಶ್ಶಬ್ದ ಒಳ್ಳೆಯದಲ್ಲ. ಕಿವಿಯಿಂದ ಬರುವ ಸಂಕೇತ ತಗ್ಗಿದಾಗ ಮೆದುಳು, ಸ್ಟೇಷನ್ ಸರಿಯಾಗಿ ಸಿಗದ ರೇಡಿಯೋಗೆ ನಾವು ವಾಲ್ಯೂಮ್ ಏರಿಸುವ ಹಾಗೆ, ತಾನೇ ಜೋರು ಮಾಡಿಕೊಳ್ಳುತ್ತದೆ. ಆಗ ಕೇಳಿಸುವುದು ಗುಂಯ್ ಮಾತ್ರ. ರಾತ್ರಿ ಫ್ಯಾನ್ ಸದ್ದೋ ಮಳೆಯ ಸದ್ದೋ ಮೆಲ್ಲಗೆ ಇರಲಿ. ಕಿವಿ ಮಂದವಿದ್ದವರಿಗೆ ಶ್ರವಣ ಯಂತ್ರ ಹಾಕಿದರೆ ಮೊರೆತವೂ ಎಷ್ಟೋ ಹಿಂದೆ ಸರಿಯುವುದುಂಟು. ಅದರ ಕಿರಿಕಿರಿ, ಭಯ ತಗ್ಗಿಸಲು ಸಿಬಿಟಿ ಎಂಬ ಮಾತುಕತೆಯ ಚಿಕಿತ್ಸೆ ಕೆಲಸ ಮಾಡುತ್ತದೆ. ಮೊರೆತ ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವ ಡ್ರಾಪ್ಸ್, ವಿಟಮಿನ್‌ಗಳಿಗೆ ದುಡ್ಡು ಸುರಿಯಬೇಡಿ.

ಮುಂದಿನ ಸಲ ಸುತ್ತು ಬಂದಾಗ ಕೂತುಕೊಳ್ಳಿ, ಗಂಟೆ ಎಷ್ಟಾಯಿತು ನೋಡಿ. ಗಾಡಿ ಓಡಿಸುತ್ತಿದ್ದರೆ ಪಕ್ಕಕ್ಕೆ ನಿಲ್ಲಿಸಿ. ಜೊತೆಯಲ್ಲಿ ಯಾರಾದರೂ ಇದ್ದರೆ ಫೋನಿನಲ್ಲಿ ನಿಮ್ಮ ಕಣ್ಣಿನ ವಿಡಿಯೋ ಮಾಡಲಿ, ಬೆಳಕಿರುವ ಕಡೆ, ಹತ್ತಿರದಿಂದ, ಅರ್ಧ ನಿಮಿಷ ಸಾಕು. ನಾನು ಹಾಗೆ ಮಾಡಿದಾಗ ಅಕ್ಕ ವಾಂತಿಯ ಮಧ್ಯೆಯೂ ಬೈದಳು. ಇಎನ್‌ಟಿ ಡಾಕ್ಟರ್ ಮಾತ್ರ ಅದನ್ನು ಎರಡು ಸಲ ಹಾಕಿ ನೋಡಿದರು.